ಕಳೆ

ಗೇಟಿನ ಚಿಲಕಕ್ಕೆ ಜೇಡವೊಂದು ಹೊಸ ಬಾಡಿಗೆದಾರ.
ಬೆರಳು ಹಿಂದೆಳೆದುಕೊಂಡು, ಬೀಗದಕೈಯ ತುದಿಯಿಂದ
ಬಲೆ ಸರಿಸಿ, ತಪ್ಪಾಯಿತು ಅಂದು ಒಳಗೆ ಬಂದೆ.
ಪೋರ್ಟ್ ಆಗಸ್ಟಾದಿಂದ ಅಡಿಲೇಡಿಗೆ ನಾಲ್ಕು ತಾಸಿನ ಬಸ್ಸು,
ಊದಿದ ಕಾಲಿನ ಮೇಲೆ ಚಪ್ಪಲಿಯ ಪಟ್ಟಿ ಅಚ್ಚೊತ್ತಿದೆ,
ಕಿವಿಯ ಸಂದಿಯಲ್ಲಿ ಇನ್ನೂ ಆ ಊರಿನ ಕೆಂಪು ಧೂಳು.
ಮನೆಯ ಬಾಗಿಲು ಆಮೇಲೆ.
ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಕೂರಿಸಿ
ಮೊದಲು ಹಿತ್ತಲಿಗೆ.

ಏಳು ವಾರ.
ಸೂಲಗಿತ್ತಿಯ ಲೆಕ್ಕದಲ್ಲಿ ಏಳು ವಾರವೆಂದರೆ
ಒಂದು ಕಡಲೆಕಾಳು, ಅದರೊಳಗೆ
ಮಿಣಿಮಿಣಿ ಎನ್ನುವ ಒಂದು ಹಟ.
ಹಿತ್ತಲಿನ ಲೆಕ್ಕ ಬೇರೆ.

ಬೆಂಡೆ ಬಲಿತು ಕಟ್ಟಿಗೆ; ಮುರಿದರೆ ಲಟ್ಟೆನ್ನುತ್ತದೆ.
ಟೊಮೆಟೊ ಗಿಡಗಳು, ನಾನು ಕಟ್ಟಿದ ಕೋಲಿಗೆ ಕಟ್ಟಿದಂತೆಯೇ,
ನಿಂತಲ್ಲೇ ಸತ್ತಿವೆ.
ಜನವರಿಯ ಆ ನಲವತ್ತನಾಲ್ಕು ಡಿಗ್ರಿಗೆ ಯಾರೇನು ಮಾಡಿಯಾರು.
ಬೀನ್ಸಿನ ಒಣ ಕಾಯಿ ಗಾಳಿಗೆ ಗಿಲಕಿ ಆಡಿಸುತ್ತಿದೆ,
ಕೇಳುವವರಿಲ್ಲದ ಗಿಲಕಿ.
ಬಣ್ಣದ ಗಿಳಿಗಳು ದ್ರಾಕ್ಷಿ ಹೀರಿ
ಬರೀ ಸಿಪ್ಪೆಯ ಗೊಂಚಲನ್ನು ತೂಗುಬಿಟ್ಟು ಹೋಗಿವೆ,
ತುಂಬ ಮರ್ಯಾದಸ್ಥರ ಹಾಗೆ.
ಕುಂಬಳ ಮಾತ್ರ ಯಾರನ್ನೂ ಕಾಯಲಿಲ್ಲ:
ಬಟ್ಟೆ ಒಣಹಾಕುವ ಕಬ್ಬಿಣದ ಛತ್ರಿಯನ್ನು ಹತ್ತಿ
ನಾನು ಮರೆತುಹೋದ ಟವೆಲಿನ ಪಕ್ಕದಲ್ಲೇ
ಒಂದು ಕಾಯಿ ನೇತುಹಾಕಿದೆ.
ಬಳ್ಳಿಯಲ್ಲಿ ಸಿಕ್ಕಿಕೊಂಡ ಕ್ಲಿಪ್ಪು
ಆ ಭಾರವೆಲ್ಲ ತನ್ನದೇ ಎಂಬಂತೆ
ಹಲ್ಲು ಕಚ್ಚಿದೆ.

ಮಿಕ್ಕ ಪಾತಿಗಳ ತುಂಬ ಅದೇ, ಅದು.
ಕೆಂಪು ದಂಟು, ದಪ್ಪ ಎಲೆ, ನೆಲಕ್ಕಂಟಿದ ಜಾತಿ.
ನಾಲ್ಕು ಬೇಸಿಗೆ ಮಂಡಿಯೂರಿ ಕಿತ್ತದ್ದು,
ಕಿತ್ತು ಬಿಸಿಲಿಗೆಸೆದರೂ ಎರಡು ದಿನ ಸಾಯದ್ದು,
ಶಪಿಸಿ ಶಪಿಸಿ ಕಸದ ಡಬ್ಬಿಗೆ ತುಂಬಿದ್ದು.
ಈಗ ಚಾಪೆ ಹಾಸಿದ ಹಾಗೆ.
ಅದೂ ಒದ್ದೆ ಚಾಪೆ.
ಯಾರೋ ನೀರುಣಿಸಿದ್ದಾರೆ.

ಬೇಲಿಯ ಮೇಲೆ ಪ್ಯಾಂಟೆಲಿಸ್ ಅಜ್ಜನ ಟೋಪಿ ಮೂಡಿತು,
ಆಮೇಲೆ ಹುಬ್ಬು, ಆಮೇಲೆ ಪೈಪು ಹಿಡಿದ ಕೈ.
"ನಿನ್ನ ಟೊಮೆಟೊ ನನ್ನ ಮಾತು ಕೇಳಲಿಲ್ಲ.
ಇದನ್ನು ಮಾತ್ರ ಬಿಡಲಿಲ್ಲ ನಾನು, ದಿನಾ ಸಂಜೆ.
ಎಷ್ಟು ಚೆನ್ನಾಗಿ ಬೆಳೆಸಿದ್ದೀಯ, ಹುಡುಗಿ!
ಸ್ವಲ್ಪ ಕದ್ದೆ. ಮೊಸರು, ಬೆಳ್ಳುಳ್ಳಿ, ಗ್ಲಿಸ್ತ್ರಿದಾ.
ನನ್ನವಳು ಹೋದಮೇಲೆ ತಿಂದೇ ಇರಲಿಲ್ಲ."

ಅದು ಕಳೆ ಎನ್ನಲು ಬಾಯಿ ತೆರೆದೆ.
ರಾತ್ರಿಯೂಟಕ್ಕೆಂದು ಚಿವುಟಿಟ್ಟಿದ್ದರಲ್ಲಿ ಒಂದು ಕುಡಿಯನ್ನು
ಬೇಲಿಯ ಮೇಲಿಂದ ಚಾಚಿದ.

ಹುಳಿ. ಲೋಳೆ. ಹಲ್ಲಿನ ನಡುವೆ ಮಣ್ಣಿನ ಒಂದು ಹರಳು.
ಕಣ್ಣಿಗಿಂತ ಮೊದಲು ನಾಲಿಗೆ ಎದ್ದು ಕೂತಿತು:
ಗೋಣಿಸೊಪ್ಪು!
ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಬಾಳೆನಾರು ಸುತ್ತಿದ ಕಟ್ಟು,
ತೊಗರಿಬೇಳೆಯೊಡನೆ ಮಸೆದು ಮುದ್ದೆಯ ಪಕ್ಕ ಸುರಿದದ್ದು.
ಕಟ್ಟಿನಲ್ಲಿ ಕಂಡಿದ್ದೆ, ತಟ್ಟೆಯಲ್ಲಿ ಕಂಡಿದ್ದೆ,
ಬೇರಿನ ಮೇಲೆ ಕಂಡಿರಲಿಲ್ಲ.
ನಾಲ್ಕು ವರ್ಷ ತಾನಾಗಿ ಬಂದು ಬಂದು ಕೂತಿತ್ತು;
ನಾನು ಕುರ್ಚಿಗೆ ಹಿಡಿದು ಎದುರುಗೊಂಡಿದ್ದೆ.

"ಎಷ್ಟು ಮಕ್ಕಳು, ಈ ಸಲ?"
"ಮೂವತ್ತೊಂದು," ಅಂದೆ.

ಮೂವತ್ತೆರಡು.
ಆ ಒಂದಕ್ಕೆ ತಾಯಿ ಮೊದಲೇ ಹೆಸರಿಟ್ಟಿದ್ದಳು.
ಅದನ್ನು ನಾಲ್ಕು ತಾಸು, ಬಸ್ಸಿನುದ್ದಕ್ಕೂ,
ನುಂಗದೆ ಉಗುಳದೆ ಬಾಯಲ್ಲಿಟ್ಟುಕೊಂಡು ಬಂದಿದ್ದೆ.

ಅಜ್ಜ ಟೋಪಿ ತೆಗೆದ, ಸೆಕೆಗೋ ಏನೋ,
ಏನೂ ಕೇಳದೆ ನಲ್ಲಿ ತಿರುಗಿಸಿದ.
ನೀರು ಬಿದ್ದಲ್ಲೆಲ್ಲ ಮಣ್ಣಿಗೆ ಕಳೆ ಬಂತು.

ಟವೆಲು ಎಳೆದು ನೋಡಿದೆ, ಬಳ್ಳಿ ಬಿಡಲಿಲ್ಲ.
ಇರಲಿ.
ಕಾಯಿಯ ತೊಟ್ಟನ್ನು ಉಗುರಲ್ಲಿ ಒತ್ತಿ
ಇನ್ನೂ ಮೂರು ವಾರ ಅಂದುಕೊಂಡೆ, ಅಭ್ಯಾಸಬಲದಿಂದ.
ಮತ್ತೆ ಅಂಗಿಯ ತುದಿಯನ್ನೇ ಮಡಿಲು ಮಾಡಿ
ಸೊಪ್ಪು ಚಿವುಟಲು ಕೂತೆ,
ಬೇರು ಅಲುಗದ ಹಾಗೆ.