ಎರಡನೇ ಹೆಸರು

ಏಳು ವರ್ಷಕ್ಕೊಮ್ಮೆ ಬರುತ್ತಿದ್ದ ಹೆಳವ
ಈ ಸಲ ಹನ್ನೆರಡಕ್ಕ ಬಂದ.
ಎತ್ತಿಲ್ಲ, ಹಳೇ ಲೂನಾ.
ಹೆಗಲಿಗೆ ಮಾತ್ರ ಅದೇ ಜೋಳಿಗಿ,
ಕೈ ಎಣ್ಣಿ ಕುಡಿದು ಕಪ್ಪಾದ ಅದೇ ಹೊತ್ತಿಗಿ.
ಚಿತ್ತಾಪುರದ ನಮ್ಮ ಓಣಿಯೊಳಗ
ಫರಸಿ ಕಲ್ಲಿನ ಕಟ್ಟಿ ಮ್ಯಾಲೆ ಕೂತು, ಚಷ್ಮಾ ಒರಸಿ,
ತಲಿಮಾರು ಬಿಚ್ಚಿದ.

ಕೊಂಡಪ್ಪ: ಒಂದು ಕವಡಿಗೆ ಕೊಂಡ ಕೂಸು,
ಹಡೆದಾಕೀನೇ ಮಾರಿ, ಹಡೆದಾಕೀನೇ ಕೊಂಡದ್ದು.
ಅವನ ಮಗ ತೌಡಪ್ಪ:
ಸೂಲಗಿತ್ತಿಗೆ ಕೊಟ್ಟು, ಒಂದು ಹಿಡಿ ತೌಡಿಗೆ ತಿರುಗಿ ಇಸಕೊಂಡದ್ದು.
ಲಾಡ್ಲೆಪ್ಪ: ಆಳಂದದ ದರ್ಗಾದ ಹರಕಿ;
ಕೊರಳಾಗ ಲಿಂಗ, ವರ್ಷಕ್ಕೊಮ್ಮೆ ಸಕ್ಕರಿ ಓದಿಸಾಂವ.
ಸಾಕಮ್ಮ.
ಆಕಿ ಬೆನ್ನಿಗೆ ಮತ್ತ ಹೆಣ್ಣೇ ಹುಟ್ಟಿದ್ದಕ್ಕ
ಸಣ್ಣ ಸಾಕಮ್ಮ.
ಓಣಿ ನಕ್ಕಿತು, ಹೆಳವ ನಗಲಿಲ್ಲ.
ಅಡಿವೆಪ್ಪ, ನನ್ನಪ್ಪ:
ರಜಾಕಾರರ ಗದ್ದಲದಾಗ ತೊಗರಿ ಸಾಲಿನ ನಡುವ ಹುಟ್ಟಿ,
ಅಳಬಾರದಂತ ಬಾಯಿಗೆ ಸೆರಗು ಒತ್ತಿಸಿಕೊಂಡಾಂವ.
ಸಾಯೋತನಕ ಅವನ ಮಾತು ಕಡಿಮಿ.

ನಾ ಬಾಗಿಲದಾಗ ನಿಂತು ಕಾಯುತ್ತಿದ್ದೆ.
ನನ್ನ ಸಾಲು ಬಂದಾಗ ತಿದ್ದಿಸಬೇಕಿತ್ತು.
ಕಲಬುರಗಿ ಕೋರ್ಟಿನ ಹೊರಗ ನೋಟರಿ, ಐದನೂರು ರೂಪಾಯಿ,
ಪೇಪರಿನಾಗ ನಾಕು ಸಾಲು:
ಇಂದಿನಿಂದ ನಾನು ತ್ರಿಲೋಚನ.
‘ತ’ ಒಂದು ಉಳಿಸಿಕೊಂಡಿದ್ದೆ,
ಬ್ಯಾಂಕಿನ ಸಹಿ ಕೆಡಬಾರದು ಅಂತ.

ಹಿಂದೆಲ್ಲ ಹೆಳವ ಈ ಹಾಳಿಗೆ ಬಂದಾಗ
ಅವ್ವ ನನ್ನ ಅಂಗಡಿಗೆ ಕಳಸುತ್ತಿದ್ದಳು,
ಬೆಲ್ಲ ತಾ, ಕಡ್ಡಿಪೆಟ್ಟಿಗಿ ತಾ.
ಈ ಸಲ ಯಾರೂ ಕಳಸಲಿಲ್ಲ.

“ಚಂದ್ರಮೌಳಿ,” ಅಂದ. “ಹನ್ನೊಂದು ದಿನ.”
“ರಾಜರತ್ನ. ಎರಡು ಹಲ್ಲು ಬಂದಿದ್ದವು.”
“ಸೋಮಪ್ರಭ. ತೊಟ್ಟಿಲಕ್ಕ ಹಾಕಿದ ರಾತ್ರೀನೇ.”
ಮೂರು ಹೆಸರಿನ ಮುಂದೂ ಒಂದೊಂದು ಸೊನ್ನಿ.
“ಆಮ್ಯಾಲೆ ತಿಪ್ಪಣ್ಣ.
ತಿಪ್ಪಿ ಮ್ಯಾಲೆ ಮೂರು ಸಲ ಹೊರಳಿಸಿ ಎತ್ತಿದ್ದು.
ಅದಾನ. ಅಗಾ, ನಿಂತಾನ.”

ಐವತ್ತು ವರ್ಷ
ಈ ಮನಿಯ ಹಿರೇಮಗ ನಾನೇ ಅಂದುಕೊಂಡಿದ್ದೆ.
ಮಾತು ಬಾರದ ಅಪ್ಪ
ಎಲ್ಲಿಂದ ಆರಿಸಿ ತಂದಿದ್ದನೋ ಅಂಥ ಹೆಸರು.
ಹಾಜರಿ ಕೂಗಿದಾಗೆಲ್ಲ ಸಾಲಿ ಹುಡುಗರು ಮೂಗು ಮುಚ್ಚುತ್ತಿದ್ದರು.
ಮನಿಗೆ ಬಂದು ಪಾಟಿ ಒಗೆದು ಕೇಳಿದ್ದೆ,
ಬ್ಯಾರೆ ಹೆಸರೇ ಸಿಗಲಿಲ್ಲೇನ್ ನಿನಗ?
ಅವ್ವ ಒಲಿ ಊದಿದಳು, ಮಾತಾಡಲಿಲ್ಲ.
ಕಣ್ಣಾಗಿನ ನೀರು ಹೊಗಿಯದು ಅಂದುಕೊಂಡೆ.
ಸಾವೂ ಹಂಗೇ, ಆ ಹುಡುಗರ ಹಂಗ,
ನನ್ನ ಹೆಸರು ಕೇಳಿ ಮೂಗು ಮುಚ್ಚಿಕೊಂಡು
ಮುಂದಿನ ಮನಿಗೆ ಹೋಗಿರಬೇಕು.
(ಮುಂದಿನ ಮನಿ ಯಾರದು?
ಅದು ಈ ಹೊತ್ತಿಗ್ಯಾಗ ಇಲ್ಲ.)

“ಏನೋ ಬರಸೋದದ ಅಂದಿದ್ರೆಲ್ಲ?”
ಹೆಳವ ಪೆನ್ನಿನ ಟೊಪಿಗಿ ತಗದ.
ಕಿಸೆದಾಗಿನ ಕಾಗದ ಕಿಸೆದಾಗೇ ಇತ್ತು.
ಏನಿಲ್ಲ ಅಂದೆ.
ಖರೆ ಹೇಳಬೇಕಂದ್ರ
ಬ್ಯಾಂಕಿನಾಗ ನಾ ಇವತ್ತಿಗೂ ತ್ರಿಲೋಚನನೇ.

ಅವ್ವ ಮರದ ತುಂಬ ಜೋಳ ತಂದಳು,
ಜೋಳದ ಮ್ಯಾಲೆ ಹಿತ್ತಾಳಿ ಗಿಂಡಿ.
ಅವ ಕೇಳಿದ್ದು ಗಿಂಡಿಯಲ್ಲ.
ಇಟ್ಟು ಒಳಗ ಹೋಗಲಿಲ್ಲ.
ಕಂಬ ಹಿಡಿದು ನಿಂತು, ಬಾಯಿಗೆ ಸೆರಗು ಒತ್ತಿ,
ಆಮ್ಯಾಲೆ ತಗದು, ಅಂದಳು:

ಆ ಎರಡನೇದು, ಯಪ್ಪಾ,
ಇನ್ನೊಮ್ಮಿ ಓದು.