ಬಾವಲಿಯವರ ಅಳತೆ

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ಮೂರು ಮೆಟ್ಟಿಲು ಇಳಿದರೆ ನನ್ನ ಅಂಗಡಿ.
ಸೋಮವಾರ ಬಂದರು ಮೂವರು,
ಕಂಕುಳಲ್ಲಿ ಬಟ್ಟೆಯ ಗಂಟು, ಒಬ್ಬನ ಮಂಡಿಗೆ ಪಟ್ಟಿ.
‘ಮೊಯ್ದುಕ್ಕ, ಸ್ವಲ್ಪ ಬಿಡಿಸಿ ಕೊಡು,
ಹೊಸ ಆಲ್ಬಂಗೆ ಫೋಟೊ ತೆಗೀಬೇಕು.’

ಅಳತೆ ಪುಸ್ತಕ ತೆಗೆದೆ, ಎಂಬತ್ತೇಳರದ್ದು.
ಗೆದ್ದಲು ತಿಂದು ಉಳಿಸಿದ ಹಾಳೆಯಲ್ಲಿ
ಉತ್ತಯ್ಯ, ಹಾಡುವವನು: ಸೊಂಟ ಇಪ್ಪತ್ತೆಂಟು.
ಗ್ರೆಗರಿ, ಗಿಟಾರು: ಇಪ್ಪತ್ತೇಳು, ಕೈ ಉದ್ದ.
ಮಂದಣ್ಣ, ಬೇಸು: ಬರೆದಿಲ್ಲ,
ಅಂದು ನೆಟ್ಟಗೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ.
ಬೆಳ್ಯಪ್ಪ, ಡ್ರಮ್ಮು: ಎದೆ ಮೂವತ್ತೆಂಟು,
ಕಂಕುಳಲ್ಲಿ ಸಡಿಲ ಬೇಕು, ಬೀಸುತ್ತಾನೆ.

ಕಪ್ಪು ಹಾಕಿ ಊರನ್ನು ಹೆದರಿಸುತ್ತೇವೆ ಅಂದಾಗ
ನಕ್ಕಿದ್ದೆ ನಾನು.
ತಂದದ್ದು ಅಪ್ಪಂದಿರ ಕುಪ್ಯ, ಪೆಟ್ಟಿಗೆಯಿಂದ ಕದ್ದದ್ದು,
ಗ್ರೆಗರಿಯದು ಮಾತ್ರ ಪಕ್ಕದ ಮನೆಯದ್ದು.
ಹುತ್ತರಿಗೆ ಕುಣಿಯುವ ಕಪ್ಪು ಅದು,
ಅದಕ್ಕೆ ಯಾರು ಹೆದರುತ್ತಾರೆ ಇಲ್ಲಿ?
ಕಾಲರು ಎತ್ತರಿಸಿದೆ. ಕೆಂಪು ಚೇಲೆ ಬಿಚ್ಚಿಸಿದೆ.
ಮೊಣಕೈಗೇ ಮುಗಿಯುವ ತೋಳಿಗೆ
ರೆಕ್ಕೆಯ ಹಾಗೆ ಜಾಲರಿ ಕೂಡಿಸಿದೆ.
ಆದರೂ ಗೋಣಿಕೊಪ್ಪ ದಸರಾದಲ್ಲಿ ಮುದುಕಿಯರು ತಡೆದು
‘ಯಾರ ಮನೆ ಮದುವೆ ಮಕ್ಕಳೇ?’
ಹೆಸರು ‘ಬಾವಲಿ’ ಅಂದರೆ
‘ಓ, ಕುಟ್ಟದ ಆಚೆ ಇರುವ ಬಾವಲಿಯವರಾ?’

ಹದಿನೇಳು ವರ್ಷದ ಮೇಲೆ ಈಗ ಇದು.
ಗ್ರೆಗರಿ ಮೊಬೈಲನ್ನು ಇಸ್ತ್ರಿ ಮೇಜಿನ ಮೇಲಿಟ್ಟ.
ಮೊದಲು ಜೀರುಂಡೆ.
ಆಮೇಲೆ ಒಂದು ಈಡು,
ಬೆಟ್ಟಕ್ಕೆ ಬಡಿದು ತಿರುಗಿ ಬಂತು.
ಕತ್ತರಿ ನಿಂತಿತು ಕೈಯಲ್ಲಿ.
ಈ ನಾಡಿನಲ್ಲಿ ಬಾಳಿದ ಕಿವಿ ಕೇಳುವುದಿಲ್ಲ, ಎಣಿಸುತ್ತದೆ:
ಒಂದಾದರೆ ಗಂಡುಮಗು,
ಎರಡಾದರೆ ಸಾವು.
ಕಾದೆ.

ಬೇಸು ಬಂತು, ಬಾವಿಗೆ ಇಳಿಯುವ ಕೊಡದ ಹಾಗೆ.
ಗಿಟಾರು ಬಂತು,
ಸಂತ ಅನ್ನಮ್ಮನ ಇಗರ್ಜಿಯಲ್ಲಿ ಕಲಿತದ್ದು,
ಪಿಶಾಚಿಯನ್ನು ಕರೆಯುವಾಗಲೂ ಮೊಣಕಾಲೂರುತ್ತದೆ.
ಉತ್ತಯ್ಯನ ದನಿ ಬಂತು: ಹರಿತ ಹೋದ ಕತ್ತರಿ,
ಬಟ್ಟೆಯನ್ನು ಕತ್ತರಿಸದೆ ಜಗಿಯುತ್ತದೆ.
ಎಂಟು ಹಾಡು ಮುಗಿದವು.
ಎರಡನೆಯ ಈಡು ಬರಲಿಲ್ಲ.

‘ಬೆಳ್ಯಪ್ಪನ ಅಂಗಳದಲ್ಲಿ ಹಿಡಿದದ್ದು,
ಅವನು ಹೋದ ಬೆಳಿಗ್ಗೆ’ ಅಂದ ಮಂದಣ್ಣ.
‘ಎರಡೂ ಹಾರಿಸಿದ್ದರು. ನನ್ನ ಕೈ ನಡುಗಿ
ಬೆರಳು ತಾಗಿ ಫೋನು ನಿಂತುಹೋಯಿತು.’
‘ಅದನ್ನೇ ನಕಲು ಮಾಡಿ ಇನ್ನೊಂದು ಕೂಡಿಸಬಹುದಿತ್ತು’
ಅಂದ ಗ್ರೆಗರಿ, ‘ಅರ್ಧ ನಿಮಿಷದ ಕೆಲಸ.’
ಉತ್ತಯ್ಯ ಹೊರಗೆ ಬಸ್ಸು ನೋಡುತ್ತಿದ್ದ.

ಗಂಟಿನಲ್ಲಿ ನಾಲ್ಕು ಕುಪ್ಯ.
ನಾಲ್ಕನೆಯದಕ್ಕೆ ಇಸ್ತ್ರಿ ಸಾಕಂತೆ,
ಫೋಟೊದಲ್ಲಿ ಸ್ಟೂಲಿನ ಮೇಲೆ ಇಡುತ್ತಾರಂತೆ.
ಮಗುಚಿ ನೋಡಿದೆ. ಕಂಕುಳಲ್ಲಿ
ಅಂದು ಎರಡು ಬೆರಳು ಬಟ್ಟೆ ಹೆಚ್ಚು ಬಿಟ್ಟಿದ್ದೆ,
ಅದೂ ಹರಿದಿತ್ತು, ಎರಡೂ ಕಡೆ.
ಕಪ್ಪು ದಾರ ಪೋಣಿಸಲು ಹೋದೆ,
ಕನ್ನಡಕ ಇದ್ದೂ ಮೂರು ಸಲ ತಪ್ಪಿತು.
‘ಅದು ಫೋಟೊದಲ್ಲಿ ಕಾಣಲ್ಲ, ಬಿಡು’ ಅಂದರು.
ಬಿಡುವುದು ಹೇಗೆ?

ಅವರು ಹೋದ ಮೇಲೆ ಹೊಸ ಹಾಳೆಯಲ್ಲಿ ಬರೆದೆ.
ಉತ್ತಯ್ಯ: ಸೊಂಟ ನಲವತ್ತೊಂದು.
ಗ್ರೆಗರಿ: ಮೂವತ್ತಾರು, ಬಲ ಭುಜ ಇಳಿದಿದೆ.
ಮಂದಣ್ಣ: ಈ ಸಲ ನಿಂತ. ಮೂವತ್ತೊಂಬತ್ತು.
ಬೆಳ್ಯಪ್ಪ: ಹಿಂದಿನದೇ.
ಕಂಕುಳಲ್ಲಿ ಇನ್ನೂ ಎರಡು ಬೆರಳು ಸಡಿಲ.