ತಪಾಸಣೆಗೆ ತೆರೆದಿದೆ

ಮನೆ ಕಟ್ಟಿ ನೋಡು ಎಂದರು ಹಿರಿಯರು.
ನಾನು ಕಟ್ಟದೆಯೇ ನೋಡುತ್ತೇನೆ,
ಶನಿವಾರ ಶನಿವಾರ, ಬ್ಯಾಲರಾಟಿನ ಬೀದಿಗಳಲ್ಲಿ,
ಹನ್ನೊಂದರಿಂದ ಹನ್ನೊಂದೂವರೆ.
ಗೇಟಿನ ಮುಂದೆ ಬಾವುಟ ನೆಟ್ಟಿರುತ್ತಾರೆ:
ತಪಾಸಣೆಗೆ ತೆರೆದಿದೆ.

ಡೆಕ್ಲಾನನ ಬೂಟು ಚೂಪು, ನಗು ಇನ್ನೂ ಚೂಪು.
ಹೆಸರು, ನಂಬರು ಬರೆಸಿಕೊಳ್ಳುತ್ತಾನೆ ಪ್ರತಿ ಸಲ,
ಇವಳು ಕೊಳ್ಳುವವಳಲ್ಲ ಎಂದು ಗೊತ್ತಿದ್ದೂ.
ಪಕ್ಕದಲ್ಲಿ ಮುಕುಂದ, ಕಾಲುಚೀಲದ ತೂತು ಮುಚ್ಚಲು
ಒಂದು ಪಾದದ ಮೇಲೆ ಇನ್ನೊಂದನ್ನಿಟ್ಟು,
ಕೊಕ್ಕರೆಯ ಹಾಗೆ ನಿಂತು
ಚಾವಣಿಯ ತಗಡಿನ ಹೂಬಳ್ಳಿ ನೋಡುತ್ತಾನೆ.

ಚಿನ್ನ ಅಗೆಯಲು ಬಂದವರು ಕಟ್ಟಿದ ಹಲಗೆ ಮನೆಗಳು.
ಈಗ ಒಳಗೆ ಎಲ್ಲಕ್ಕೂ ಗಂಜಿಯ ಬಣ್ಣ:
ಸೋಫಾ ಗಂಜಿ, ಪರದೆ ಗಂಜಿ, ಗೋಡೆ ತೆಳು ಗಂಜಿ.
ಬಟ್ಟಲಲ್ಲಿ ಹನ್ನೆರಡು ನಿಂಬೆಹಣ್ಣು.
ಒಮ್ಮೆ ಒಂದನ್ನು ಎತ್ತಿದೆ. ತೂಕವೇ ಇಲ್ಲ.
ಕೆರೆಯ ಎದುರಿನದು ಯಾರೋ ದೊಡ್ಡ ಡಿಸೈನರಳ ಕೈಚಳಕವಂತೆ,
ಅಲ್ಲಿ ಪುಸ್ತಕಗಳ ಬೆನ್ನನ್ನೂ ಗೋಡೆಗೆ ತಿರುಗಿಸಿದ್ದರು,
ಬಣ್ಣಬಣ್ಣದ ಹೆಸರುಗಳು ಕಣ್ಣಿಗೆ ಚುಚ್ಚಬಾರದೆಂದು.
ಅದನ್ನೂ ಬರೆದುಕೊಂಡೆ,
ಮಾಡಬಾರದ್ದರ ಪುಟದಲ್ಲಿ.

ಪ್ರವಾಸ ಹೋದರೂ ಇದೇ ಚಾಳಿ.
ಕ್ವೀನ್ಸ್‌ಕ್ಲಿಫ್‌ನಲ್ಲಿ ಅವನು ಸಮುದ್ರದ ಫೋಟೋ ತೆಗೆದ,
ನಾನು ಹೋಟೆಲಿನ ಮೆಟ್ಟಿಲ ಜಮಖಾನೆ ಹಿಡಿದ ಹಿತ್ತಾಳೆ ಸರಳಿನದು.
ಬ್ರೋಕನ್ ಹಿಲ್ಲಿನ ಮೋಟೆಲಲ್ಲಿ ಬಚ್ಚಲ ಟೈಲ್ಸು:
ಹವಳದ ಕೆಂಪು, ನಡುವೆ ಒಂದೇ ಒಂದು ಒಡೆದದ್ದು.
ಫೋನಿನಲ್ಲಿ ನಮ್ಮಿಬ್ಬರ ಮುಖಕ್ಕಿಂತ
ಬಾಗಿಲ ಹಿಡಿಗಳೇ ಜಾಸ್ತಿ.

ಇಷ್ಟೆಲ್ಲ ಹೊತ್ತು ತಂದು ಇಳಿಸುವುದೆಲ್ಲಿ?
ಬಾಡಿಗೆ ಕರಾರಿನ ಒಂಬತ್ತನೇ ಕಲಮು:
ಮೊಳೆ ಹೊಡೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ.
ನಮ್ಮ ಕ್ಯಾಲೆಂಡರು ಕೂಡ ಫ್ರಿಜ್ಜಿನ ಮೈಗೆ,
ಅಯಸ್ಕಾಂತದ ಕೃಪೆಯಿಂದ.

ಬೆರಿಲ್ ಟ್ರೆಲೋರ್ ಅವರ ಮನೆಯಲ್ಲಿ ಮಾತ್ರ ನಿಂಬೆಹಣ್ಣಿರಲಿಲ್ಲ.
ಅರ್ಧ ಗಂಟೆ ಹೊರಗೆ ಹೋಗಿ ಎಂದು ಡೆಕ್ಲಾನ್ ಗೋಗರೆದರೂ
ಅಡುಗೆಮನೆಯ ಸ್ಟೂಲು ಬಿಟ್ಟು ಏಳಲಿಲ್ಲವಂತೆ.
ನಲವತ್ತು ವರ್ಷ ಹೋಟೆಲುಗಳಿಗೆ ಪರದೆ ಹೊಲಿದವರು,
ಈಗಲೂ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಹಾಗೆ ಮಾತು.
ಏನು ಬೇಕು ನಿನಗೆ, ಎಂದರು.
ಏನೂ ಬೇಡ, ನೋಡಲು ಬಂದೆ.
ನಕ್ಕರು. ಎದ್ದು ಹೋಗಿ
ಹಜಾರದ ಚಿತ್ರಪಟವನ್ನು ಮೊಳೆಯಿಂದ ಇಳಿಸಿದರು.
ಹಾಗಾದರೆ ಇದನ್ನು ನೋಡು.

ಬಿಸಿಲು ತಿಂದು ಬೂದಿಯಾದ ಗೋಡೆಯ ನಡುವೆ
ಒಂದು ಚೌಕ ಹಸಿರು.
ಐವತ್ತು ವರ್ಷ ಬೆಳಕು ಕಾಣದ್ದು.
ರಾತ್ರಿ ನೆನೆಹಾಕಿ ಬೆಳಿಗ್ಗೆ ಬಸಿದ
ಹೆಸರುಕಾಳಿನ ಹಸಿರು.
ಮುಕುಂದನೂ ಎರಡು ಪಾದ ಊರಿ ನಿಂತ.

ಫೋಟೋ ತೆಗೆಯಲಿಲ್ಲ, ಫೋನಿಗೇನು ಗೊತ್ತು ಹಸಿರು.
ಸೋಮವಾರ ಟಿಫಿನ್ ಡಬ್ಬಿಯಲ್ಲಿ ನೆನೆದ ಕಾಳು ಹಿಡಿದು
ಬಣ್ಣದಂಗಡಿಗೆ ಹೋದೆ.
ಹುಡುಗ ಯಂತ್ರದ ಕಣ್ಣಿಗೆ ಒಂದು ಹಿಡಿ ಒತ್ತಿದ.
ಬೂದು, ಎಂದಿತು ಯಂತ್ರ.
ಒರೆಸಿ ಮತ್ತೆ ಒತ್ತಿದ. ಕಂದು.
ಮೂರನೆಯ ಸಲ ಹೇಗೋ ದಾರಿಗೆ ಬಂತು.
ಉಳಿದ ಕಾಳು ಸಂಜೆಗೆ ಉಸಲಿ.

ಯಾರೋ ರಸ್ತೆ ಬದಿಗೆ ಎಸೆದಿದ್ದ ಬೀರುವಿನ ಬಾಗಿಲು,
ಉಜ್ಜಿ, ಒಣಗಿಸಿ, ಮೂರು ಸಲ ಬಳಿದೆ.
ಮೊಳೆಯಿಲ್ಲ. ಊಟವಾದ ನೆಂಟರ ಹಾಗೆ
ಗೋಡೆಗೆ ಸುಮ್ಮನೆ ಒರಗಿದೆ.
ಬೆಳಿಗ್ಗೆ ಕಿಟಕಿಯ ಹತ್ತಿರ, ಮಧ್ಯಾಹ್ನ ಸಿಂಕಿನ ಪಕ್ಕ,
ಮನೆಯೊಳಗೇ ಅದಕ್ಕೆ ಪ್ರವಾಸ.

ಮೂರು ತಿಂಗಳಿಗೊಮ್ಮೆ ನಮ್ಮ ಮನೆಗೂ ತಪಾಸಣೆ.
ಗೋಡೆಯ ತೂತು ಎಣಿಸಲು ಬಂದವನು ಡೆಕ್ಲಾನನೇ.
ಹೆಸರು, ನಂಬರು ಬರೆದು ಒಳಗೆ ಬಾ, ಎಂದೆ.
ನಗಲಿಲ್ಲ. ಫಾರಂ ಹಿಡಿದು ಕೋಣೆ ಕೋಣೆ ಸುತ್ತಿದವನು
ಹಸಿರಿನ ಮುಂದೆ ನಿಂತ. ನಿಂತೇ ಇದ್ದ.
ಈ ಬಣ್ಣದ ಹೆಸರೇನು?
ಹೆಸರು, ಎಂದೆ.

ಅಕ್ಷರ ಅಕ್ಷರ ಬಿಡಿಸಿ ಹೇಳಿಸಿಕೊಂಡು
ಫಾರಮ್ಮಿನ ಹಿಂಬದಿಯಲ್ಲಿ ಬರೆದುಕೊಂಡ.
ಮುಂಬದಿಯಲ್ಲಿ:
ಮೊಳೆ, ಸೊನ್ನೆ.